ತಾಡಪತ್ರಿ ದಿಗಂಬರನ ಸಮುದ್ರ

ಹುಮನಾಬಾದಿನಿಂದ ಎಲ್ಲಕ್ಕಿಂತ ಹತ್ತಿರದ ಸಮುದ್ರವೆಂದರೆ ಲಾರಿಯಲ್ಲಿ ಒಂದು ಹಗಲು, ಒಂದು ರಾತ್ರಿಯ ದಾರಿ. ಊರಿನವರು ಇದಕ್ಕಾಗಿ ಎಂದೂ ಕೊರಗಿದವರಲ್ಲ. ದೋಣಿ ತೇಲುವಷ್ಟು ನೀರು ಅವರ ಊರಿನಲ್ಲಿ ನಿಲ್ಲುತ್ತಿದ್ದುದು ಮಳೆಗಾಲದಲ್ಲಿ, ಸಂತೆ ಮೈದಾನದ ಹಿಂದೆ ಮುರುಮಿನ ಮಣ್ಣು ತೋಡಿದ ತಗ್ಗಿನಲ್ಲಿ ಮಾತ್ರ. ಅಲ್ಲಿಯೂ ತೇಲುತ್ತಿದ್ದುದು ಎಮ್ಮೆಗಳು. ಅಂಥ ಊರು ೧೯೭೪ನೆಯ ಇಸವಿಯಲ್ಲಿ ಒಬ್ಬ ಸಮುದ್ರವೀರನನ್ನು ಪಡೆಯಿತು. ಪಡೆದ ಮೇಲೆ ಅವನನ್ನು ಏನು ಮಾಡಬೇಕೆಂದು ತಿಳಿಯದೆ ಸತ್ಕಾರ ಮಾಡಿತು.

ವೀರನ ಹೆಸರು ದಿಗಂಬರ. ವಯಸ್ಸು ನಲವತ್ತು, ಎದೆ ಮೂವತ್ತೊಂದು ಇಂಚು. ಹೆದ್ದಾರಿಯ ಬದಿಯಲ್ಲಿ, ಬೇವಿನ ಮರದ ಕೆಳಗೆ ನಾಲ್ಕು ಗಳ ನೆಟ್ಟು ಹಳೆಯ ತಾಡಪತ್ರಿ ಹೊದಿಸಿದ್ದೇ ಅವನ ಅಂಗಡಿ. ಲಾರಿಗಳ ಹರಿದ ತಾಡಪತ್ರಿ ಹೊಲಿಯುವುದು ಅವನ ಕೆಲಸ. ದಿಗಂಬರನ ಎರಡು ಮಡಚಿನ ಹೊಲಿಗೆ ಬಿಚ್ಚಿದ್ದನ್ನು ಹೈದರಾಬಾದಿನಿಂದ ಸೋಲಾಪುರದತನಕ ಯಾವ ಡ್ರೈವರನೂ ನೋಡಿರಲಿಲ್ಲ. ಇದು ಒಬ್ಬ ಮನುಷ್ಯನಿಗೆ ಸಾಕಾಗುವಷ್ಟು ಕೀರ್ತಿ. ಆದರೆ ಇಂಥ ಕೀರ್ತಿಗೆ ಸರ್ಟಿಫಿಕೇಟು ಕೊಡುವ ಪದ್ಧತಿ ನಮ್ಮ ದೇಶದಲ್ಲಿಲ್ಲ.

ಆ ಫೆಬ್ರುವರಿಯಲ್ಲಿ ಅವನು ಕ್ಯಾನ್ವಾಸ್ ಕೊಳ್ಳಲು ಮುಂಬಯಿಗೆ ಹೊರಟ. ತೊಗರಿಬೇಳೆ ಲಾರಿಯ ಡ್ರೈವರ್ ಬಂದೇನವಾಜ್ ಅವನ ಬಾಲ್ಯದ ಗೆಳೆಯ. ಲಾರಿಯಲ್ಲಿ ಜಾಗ ಕೊಟ್ಟ. "ನಾಲ್ಕ್ ದಿನಕ್ಕ ಬರ್ತೀನಿ," ಎಂದು ಹೆಂಡತಿ ಕಸ್ತೂರಿಬಾಯಿಗೆ ಹೇಳಿ, ಆಕೆ ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಚೀಲಕ್ಕೆ ಹಾಕಿಕೊಂಡು ದಿಗಂಬರ ಹೋದ. ಇಲ್ಲಿಯವರೆಗೆ ಚರಿತ್ರೆಯಲ್ಲಿ ಯಾವ ದೋಷವೂ ಇಲ್ಲ.

ಮುಂಬಯಿಯ ಕ್ಯಾನ್ವಾಸ್ ಅಂಗಡಿಯಲ್ಲಿ ಬಿಳಿ ಮೀಸೆಯ ಒಬ್ಬ ಮುದುಕ ಕೂಗಾಡುತ್ತಿದ್ದ. ನೌಕಾಪಡೆಯಿಂದ ಪಿಂಚಣಿ ಪಡೆದ ಕಪ್ತಾನನಂತೆ. ಮರುದಿನ ಬೆಳಿಗ್ಗೆ ಮುಂಬಯಿಯಿಂದ ಗೋವಾಕ್ಕೆ ಹಾಯಿದೋಣಿಗಳ ಪಂದ್ಯ; ಅವನ ದೋಣಿಯ ದೊಡ್ಡ ಹಾಯಿ ಹರಿದಿದೆ; ಹೊಲಿಯುವವರೆಲ್ಲ ಉಳಿದ ಆರು ದೋಣಿಗಳವರ ಹಾಯಿಯಲ್ಲಿ ಮುಳುಗಿದ್ದಾರೆ. ಅಂಗಡಿಯವನು ದಿಗಂಬರನ ಕಡೆಗೆ ಬೆರಳು ಮಾಡಿದ.

ದಿಗಂಬರ ಹಾಯಿಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದ. ತಾಡಪತ್ರಿ ಲಾರಿಯನ್ನು ಮುಚ್ಚುತ್ತದೆ, ಹಾಯಿ ದೋಣಿಯನ್ನು ಎಳೆಯುತ್ತದೆ. ಇದರಿಂದ ಹೊಲಿಗೆಗೆ ಏನೂ ಆಗಬೇಕಾಗಿರಲಿಲ್ಲ. ಅವನು ದೋಣಿಯ ಹೊಟ್ಟೆಯೊಳಗೆ ಹೋಗಿ ಕೂತ, ದಬ್ಬಣಕ್ಕೆ ದಾರ ಪೋಣಿಸಿದ, ಹೊಲಿದ. ಮರುದಿನ ಬೆಳಿಗ್ಗೆ ಇನ್ನೂ ಎರಡು ಮೊಳ ಉಳಿದಿದ್ದಾಗ ಮೇಲೆ ಎಲ್ಲಿಯೋ ಢಂ ಎಂದಿತು. ಹೆದ್ದಾರಿಯ ಮನುಷ್ಯ, ಯಾರದೋ ಟೈರು ಒಡೆಯಿತು ಎಂದುಕೊಂಡ. ಕೊನೆಯ ಗಂಟು ಹಾಕಿ ತಲೆ ಹೊರಗೆ ಹಾಕಿದರೆ ಮುಂಬಯಿ ಹಿಂದಕ್ಕೆ ಹೋಗುತ್ತಿತ್ತು.

ದೋಣಿಯಲ್ಲಿ ಕಪ್ತಾನನಲ್ಲದೆ ನಾಲ್ವರಿದ್ದರು. ಅವರಲ್ಲಿ ದಿಗಂಬರನ ಮಾತು ತಿಳಿದದ್ದು ಕೊಂಕಣದ ಖಲಾಸಿ ಕಾಶಿರಾಮನಿಗೆ ಮಾತ್ರ. ಅದೂ ಮರಾಠಿಯಲ್ಲಿ ಹೇಳಿದಾಗ.

"ನನ್ನ ಇಲ್ಲೇ ಇಳಿಸ್ರಿ. ನಡಕೊಂತ ಹೋಗ್ತೀನಿ," ಎಂದ ದಿಗಂಬರ.

ಎಲ್ಲಿ ನಡೆಯುತ್ತೀಯ ಎಂದು ಕಾಶಿರಾಮ ಸುತ್ತಲೂ ಕೈ ತೋರಿಸಿದ. ಪಂದ್ಯದ ಕಾನೂನನ್ನೂ ಹೇಳಿದ: ಹೊರಡುವಾಗ ದೋಣಿಯಲ್ಲಿ ಎಷ್ಟು ಜನವೋ ಮುಟ್ಟುವಾಗಲೂ ಅಷ್ಟೇ ಜನ ಇರಬೇಕು, ಒಂದು ತಲೆ ಕಡಿಮೆಯಾದರೂ ದೋಣಿ ಪಂದ್ಯದಿಂದ ಹೊರಗೆ. ಹೀಗೆ ದಿಗಂಬರನು ಭಾರತದ ನೌಕಾ ಕ್ರೀಡೆಯ ಇತಿಹಾಸದಲ್ಲಿ ತಲೆಲೆಕ್ಕಕ್ಕೆ ಸೇರಿದನು.

ಮುಂದಿನ ನಾಲ್ಕು ದಿನಗಳ ಬಗ್ಗೆ ಹೆಚ್ಚು ಹೇಳುವಂತಿಲ್ಲ, ಏಕೆಂದರೆ ವೀರನು ಅವುಗಳಲ್ಲಿ ಹೆಚ್ಚಿನ ಪಾಲನ್ನು ಒಂದು ತಗಡಿನ ಬಕೀಟಿನೊಳಗೆ ನೋಡುತ್ತ ಕಳೆದನು. ಉಳಿದವರು ನಾಲ್ಕು ತಾಸು ಎಚ್ಚರ, ನಾಲ್ಕು ತಾಸು ನಿದ್ದೆ ಎಂದು ಪಾಳಿ ಹಂಚಿಕೊಂಡಿದ್ದರು. ದಿಗಂಬರನಿಗೆ ಎಚ್ಚರವೂ ಇರಲಿಲ್ಲ, ನಿದ್ದೆಯೂ ಇರಲಿಲ್ಲ. ದೋಣಿ ಓರೆಯಾದಾಗ, ಹೇರು ವಾಲಿದ ಬಂಡಿಗೆ ಹಮಾಲರು ಜೋತುಬೀಳುವಂತೆ ಎಲ್ಲರೂ ಇನ್ನೊಂದು ಬದಿಗೆ ಹೋಗಿ ಜೋತುಬೀಳುತ್ತಿದ್ದರು. ಕಪ್ತಾನ ಒಮ್ಮೆ ಆಕಾಶ ನೋಡಿ, ಒಮ್ಮೆ ದಿಕ್ಸೂಚಿ ನೋಡಿ, ಒಮ್ಮೆ ಮುಂದಿನ ದೋಣಿ ನೋಡಿ ಮೂರಕ್ಕೂ ಒಂದೇ ಬೈಗುಳ ಬೈಯುತ್ತಿದ್ದ. ದಿಗಂಬರ ಗಂಟೆಗೊಮ್ಮೆ ಬಕೀಟಿನಿಂದ ತಲೆಯೆತ್ತಿ ಕೇಳುತ್ತಿದ್ದ:

"ಗೋವಾ ಬಂತೇನು?"

"ಇನ್ನೂ ಇಲ್ಲ," ಎನ್ನುತ್ತಿದ್ದ ಕಾಶಿರಾಮ.

ಎರಡನೆಯ ದಿನ ಗಾಳಿ ಪೂರಾ ನಿಂತಿತು. ಓಟದ ಪಂದ್ಯದಲ್ಲಿ ಏಳು ದೋಣಿಗಳು ಅರ್ಧ ದಿನ ನಿಂತಲ್ಲೇ ನಿಂತವು. ಒಬ್ಬರಿಗೊಬ್ಬರು ಕಾಣುವಷ್ಟು ಹತ್ತಿರ, ಬೈದರೆ ಕೇಳದಷ್ಟು ದೂರ. ಡಬ್ಬಿ ಮೀನು ಯಾರು ಹೆಚ್ಚು ತಿಂದರೆಂದು ನಾವಿಕರು ಜಗಳ ತೆಗೆದರು. ಕಾಶಿರಾಮ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಗಾಳಿ ಬೇಡಿಕೊಂಡ. ಗಾಳಿ ಮೂರನೆಯ ದಿನ ಬಂತು, ಬೇಡಿದ್ದಕ್ಕಿಂತ ಹೆಚ್ಚೇ ಬಂತು. ದೊಡ್ಡ ಹಾಯಿ ಚರ್ರೆಂದು ಹರಿಯಿತು. ದಿಗಂಬರ ಹೊಲಿದ ಜಾಗದಲ್ಲಲ್ಲ, ಅದರ ಪಕ್ಕದಲ್ಲಿ.

ಹಾಯಿಯನ್ನು ಇಳಿಸಿ ಅವನ ಮುಂದೆ ತಂದು ಒಗೆದರು. ಅವನು ಬಕೀಟು ಬದಿಗಿಟ್ಟು ದಬ್ಬಣ ತೆಗೆದ. ಲಾರಿಯ ತಾಡಪತ್ರಿಗೆ ಹಾಕುವ ಅದೇ ಎರಡು ಮಡಚು. ಅಲೆ ಒಳಗೆ ಬಂದು ಬೆನ್ನ ಮೇಲೆ ಬೀಳುತ್ತಿತ್ತು. ಕಪ್ತಾನ ಬೈಯುವುದನ್ನು ಮರೆತು ಅವನ ಕೈ ನೋಡುತ್ತಿದ್ದ. ಒಂದೂವರೆ ತಾಸಿನಲ್ಲಿ ಹಾಯಿ ಮೇಲೇರಿತು. ಅಷ್ಟು ಹೊತ್ತೂ ಅವನಿಗೆ ಒಂದು ಸಲವೂ ವಾಂತಿ ಬರಲಿಲ್ಲ. ಹಾಯಿ ಮೇಲೇರಿದ ಮೇಲೆ ಬಕೀಟು ಹುಡುಕಿದ.

ಏಳು ದೋಣಿಗಳಲ್ಲಿ ಅವರದು ಆರನೆಯದಾಗಿ ಗೋವಾ ಮುಟ್ಟಿತು. ಆದರೆ ಬಹುಮಾನ ಮೂರನೆಯದು ಬಂತು. ದೋಣಿ ಹಳೆಯದು, ಚಿಕ್ಕದು. ಅಂಥ ದೋಣಿಗೆ ಅದು ತೆಗೆದುಕೊಂಡ ಹೊತ್ತಿನಲ್ಲಿ ಇಷ್ಟು ಎಂದು ಕಳೆದು ಲೆಕ್ಕ ಹಾಕುತ್ತಾರಂತೆ. ಕಪ್ತಾನ ಎಲ್ಲರಿಗೂ ಇಂಗ್ಲಿಷ್ ಸರ್ಟಿಫಿಕೇಟು ಹಂಚಿದ, ದಿಗಂಬರನನ್ನು ಅಪ್ಪಿಕೊಂಡ. ದಂಡೆಯ ಮೇಲೆ ಫೋಟೋ ತೆಗೆದರು. ಐವರು ನಾವಿಕರು, ನಟ್ಟನಡುವೆ ದಿಗಂಬರ, ಎದೆಗವಚಿಕೊಂಡ ಬಕೀಟು. ಅದನ್ನು ಅವನ ಕೈಯಿಂದ ಬಿಡಿಸುವ ಧೈರ್ಯ ಯಾರಿಗೂ ಆಗಿರಲಿಲ್ಲ.

*

ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದು ಅವನು ಊರು ಸೇರಿದ್ದು ಹನ್ನೊಂದನೆಯ ದಿನ. ಬಂದೇನವಾಜ್ ಎರಡು ದಿನ ಮುಂಬಯಿಯಲ್ಲಿ ಹುಡುಕಿ, ಹುಡುಕುವುದು ಸಾಕಾಗಿ, ಬರಿಗೈಯಲ್ಲಿ ವಾಪಸು ಬಂದಿದ್ದ.

"ನಾಲ್ಕ್ ದಿನಾ ಅಂದ್ರ ಹನ್ನೊಂದ್ ದಿನಾ ಏನ್ರಿ?" ಕಸ್ತೂರಿಬಾಯಿ ಬಾಗಿಲಲ್ಲೇ ನಿಂತು ಕೇಳಿದಳು.

"ಗೋವಾಕ್ಕ ಹೋಗಿದ್ದೆ."

"ಲಾರಿದಾಗ?"

"ದೋಣಿದಾಗ."

"ಕುಡದೀರಿ."

"ಕುಡದಿಲ್ಲ. ನಾಲ್ಕ್ ದಿನಾ ಬರೇ ವಾಂತಿ ಮಾಡೀನಿ."

"ಕುಡೀಲಾರದ ನಾಲ್ಕ್ ದಿನಾ ಯಾರರೆ ವಾಂತಿ ಮಾಡ್ತಾರೇನ್ರಿ?"

ದಿಗಂಬರ ಚೀಲ ಕೆಳಗಿಟ್ಟ. ಆಕೆ ಸೆರಗಿನಿಂದ ಒಂದು ಕಾಗದ ಬಿಚ್ಚಿ ಕೊಟ್ಟಳು. ಹೆದ್ದಾರಿ ಅಗಲ ಮಾಡುವವರ ನೋಟೀಸು: ಬೇವಿನ ಮರದ ಕೆಳಗಿನ ಅಂಗಡಿಯನ್ನು ಹದಿನೈದು ದಿನಗಳೊಳಗೆ ತೆರವುಗೊಳಿಸತಕ್ಕದ್ದು. ಕಾಗದ ಬಂದು ಆಗಲೇ ಒಂಬತ್ತು ದಿನವಾಗಿತ್ತು. ಆ ಅಂಗಡಿ ಹೋದರೆ ದಿಗಂಬರನ ಹೊಟ್ಟೆಯ ದಾರಿಯೇ ಹೋದಂತೆ. ಲಾರಿಗಳು ನಿಲ್ಲುವುದು ರಸ್ತೆಯ ಬದಿಯಲ್ಲಿ, ಓಣಿಯಲ್ಲಲ್ಲ.

ಮರುದಿನ ಬಂದೇನವಾಜನಿಗೆ ನಡೆದದ್ದನ್ನೆಲ್ಲ ಹೇಳಿದ. ಬಂದೇನವಾಜ್ ಬಕೀಟಿನ ಭಾಗವನ್ನು ಮೂರು ಸಲ ಹೇಳಿಸಿ ಕೇಳಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕ. ಆಮೇಲೆ ಕಣ್ಣೊರೆಸಿಕೊಂಡು, "ನಗೋದು ಸಾಕು. ಮಾಲಕರ ಕಡಿ ಹೋಗೋಣ ನಡಿ," ಎಂದ.

ಮಾಲಕರೆಂದರೆ ಪುರಸಭೆಯ ಅಧ್ಯಕ್ಷ ಮಹಾರುದ್ರಪ್ಪ. ಕಾಳಿನ ಪೇಟೆಯಲ್ಲಿ ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿಯ ಧಣಿ. ಪುರಸಭೆಯನ್ನು ಅವರು ಅಡತಿ ಅಂಗಡಿಯಿಂದಲೇ ನಡೆಸುತ್ತಿದ್ದರು. ಗಾದಿ ಅಲ್ಲಿ ಮೆತ್ತಗಿತ್ತು. ದಿಗಂಬರ ಚೀಲದಿಂದ ನೋಟೀಸು ಎಳೆದಾಗ ಅದರ ಜೊತೆಗೆ ಫೋಟೋ, ಸರ್ಟಿಫಿಕೇಟು ಎರಡೂ ಗಾದಿಯ ಮೇಲೆ ಬಿದ್ದವು. ಗುಮಾಸ್ತೆ ಇಂಗ್ಲಿಷ್ ಓದಿ ಹೇಳಿದ: ಮುಟ್ಟಿದ್ದು ಆರನೆಯದು, ಬಹುಮಾನ ಮೂರನೆಯದು. ಮಹಾರುದ್ರಪ್ಪ ಫೋಟೋ ಕಣ್ಣಿಗೆ ಹಿಡಿದರು.

"ಏ ತಮ್ಮಾ! ಕಪ್ ಎಷ್ಟ್ ದೊಡ್ಡದ ಅದಲೋ ಇದು! ಈಗ ಎಲ್ಲದ?"

"ಅವರ ಕಡೇನೇ ಉಳೀತ್ರಿ. ಅಷ್ಟ್ ಮಂದಿ ನಡುವ ಒಂದೇ ಇತ್ತು," ಎಂದ ದಿಗಂಬರ.

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಅವನು ಮುಂದಿನ ವಾಕ್ಯಕ್ಕೆ ಬಾಯಿ ತೆರೆಯುವುದರೊಳಗೆ ಅಂಗಡಿಯಲ್ಲಿ ಕೂತ ಎಂಟು ಜನ ಅದನ್ನು ತಾವೇ ಹೇಳಿ ಮುಗಿಸಿದ್ದರು.

ಅವರಲ್ಲಿ ಒಬ್ಬ ಸಂಶಯಪಿಶಾಚಿ ಇದ್ದ, ಪುರಸಭೆಯ ಸದಸ್ಯ ಶಂಶುದ್ದೀನ್. "ಆರನೇದು ಮುಟ್ಟಿ ಮೂರನೇ ಇನಾಮು ಹ್ಯಾಂಗ ಬರ್ತದರಿ? ಇದು ಧೋಕಾ," ಎಂದ.

ದಿಗಂಬರನಿಗೆ ಕಾಶಿರಾಮ ಹೇಳಿದ್ದಷ್ಟೇ ಗೊತ್ತಿತ್ತು. ಹಳೇ ದೋಣಿಗೆ ಹೊತ್ತಿನಲ್ಲಿ ಕಳೆಯುತ್ತಾರೆ ಎಂದು ತೊದಲಿದ. ಮಹಾರುದ್ರಪ್ಪನವರ ಮುಖ ಬೆಳಗಿತು.

"ಅಲೇ ಶಂಶುದ್ದೀನಾ, ಇದು ಸೂಟು! ಹಸಿ ಜೋಳ ಬಂದ್ರ ತೂಕದಾಗ ಸೂಟು ಕಳೀತೀವಿಲ್ಲ? ಚೀಲಕ್ಕ ಇಷ್ಟು, ಹಸಿಗಿ ಇಷ್ಟು, ಮಣ್ಣಿಗಿ ಇಷ್ಟು? ಹಂಗ ಸಮುದ್ರದಾಗ ಹೊತ್ತಿಗಿ ಸೂಟು. ಭಾಳ ನ್ಯಾಯದ ಆಟ ಅದ ಇದು. ನಾವೇ ಆಡಬೇಕಾಗಿತ್ತು."

ಜಗತ್ತಿನ ದೊಡ್ಡ ದೊಡ್ಡ ನೌಕಾ ಸಂಘಗಳು ನೂರು ವರ್ಷ ಜಗಳಾಡಿ ಕಂಡುಕೊಂಡ ತತ್ವ ಹುಮನಾಬಾದಿನ ಅಡತಿ ಅಂಗಡಿಗೆ ಅರ್ಧ ನಿಮಿಷದಲ್ಲಿ ಅರ್ಥವಾಯಿತು. ಸೂಟು ಯಾರು ಕಳೆಯುತ್ತಾರೋ ಗೆಲುವು ಅವರದು ಎಂಬುದು ಮಾತ್ರ ಅಲ್ಲಿ ಎಲ್ಲರಿಗೂ ಮೊದಲೇ ಗೊತ್ತಿತ್ತು.

ಪುರಸಭೆಯಲ್ಲಿ ಕ್ರೀಡಾಪಟುಗಳಿಗೆಂದು ಮೀಸಲಿಟ್ಟ ಒಂದು ನಿವೇಶನವಿತ್ತು. ಅದಕ್ಕೆ ಅರ್ಜಿ ಹಾಕಿದ್ದವನು ಒಬ್ಬನೇ ಪೈಲ್ವಾನ. ಮಂಜೂರಿ ಬರುವುದಕ್ಕೆ ಮುಂಚೆ ಮುಪ್ಪಾಗಿ ತೀರಿಕೊಂಡಿದ್ದ. "ರಸ್ತೆ ಬಾಜೂಕೇ ಅದ. ನಿನಗ ಕೊಡಸ್ತೀನಿ," ಎಂದರು ಮಹಾರುದ್ರಪ್ಪ. "ಆದ್ರ ಸಹಿ ತಹಶೀಲ್ದಾರ ಸಾಹೇಬ್ರದು ಬೇಕು. ಅವರ ಮುಂದ ಒಂದು ಸತ್ಕಾರ ಆಗಲಿ."

*

ಸತ್ಕಾರ ಕಾಳಿನ ಪೇಟೆಯ ಅಂಗಳದಲ್ಲಿ ನಡೆಯಿತು. ರಾಜ್ಯದ ಹೆಸರು ಕರ್ನಾಟಕ ಎಂದಾಗಿ ನಾಲ್ಕು ತಿಂಗಳಾಗಿತ್ತು. ಕಾಗದಕ್ಕೆ ಒತ್ತುವ ಪುರಸಭೆಯ ಶಿಕ್ಕಾ ಇನ್ನೂ ಮೈಸೂರು ಎನ್ನುತ್ತಿತ್ತು. ಆದ್ದರಿಂದ ಭಾಷಣಕಾರರು ಎರಡೂ ರಾಜ್ಯಗಳ ಪರವಾಗಿ ಅಭಿನಂದನೆ ಸಲ್ಲಿಸಿದರು. ದೊಡ್ಡದು ಮಾಡಿಸಿದ ಫೋಟೋಕ್ಕೆ ಹಾರ ಹಾಕಿದರು. ಹಾರ ಬಕೀಟಿನ ಮೇಲೆ ಬಿತ್ತು.

ದಿಗಂಬರ ಖರೆ ಹೇಳಲು ಎದ್ದುನಿಂತ. "ನಾ ಹಾಯಿ ಹೊಲ್ಯಾಕ ಹೋಗಿದ್ದೆರಿ," ಎಂದು ಶುರುಮಾಡಿದ. ಹಿಂದಿನ ಸಾಲು ಆಕಳಿಸಿತು. "ಭಾಯಿ, ತಿಮಿಂಗಿಲದ್ದು ಹೇಳು!" ಎಂದು ಬಂದೇನವಾಜ್ ಗುಂಪಿನಿಂದ ಕೂಗಿದ. ಗುಂಪು ನೆಟ್ಟಗೆ ಕೂತಿತು. ದಿಗಂಬರ ನೋಟೀಸಿಗೆ ಉಳಿದ ಮೂರು ದಿನ ನೆನೆಸಿಕೊಂಡ, ತಿಮಿಂಗಿಲ ತಂದ. ಮೊದಲು ಅದು ಒಂದು ಲಾರಿಯಷ್ಟಿತ್ತು, ಚಪ್ಪಾಳೆಯಾದ ಮೇಲೆ ಟ್ರೇಲರ್ ಜೋಡಿಸಿಕೊಂಡಿತು. ಕಪ್ತಾನ ಎಚ್ಚರ ತಪ್ಪಿ ಬಿದ್ದ, ದಿಗಂಬರ ಸ್ಟೇರಿಂಗ್ ಹಿಡಿದ, ಬಿರುಗಾಳಿಯಲ್ಲಿ ಎರಡು ಸಲ ಓವರ್‌ಟೇಕ್ ಮಾಡಿದ. ಹೆದ್ದಾರಿಯ ಊರಿಗೆ ಸಮುದ್ರ ಸಲೀಸಾಗಿ ಅರ್ಥವಾಯಿತು.

ಆಗ ಕುರ್ಚಿಯಲ್ಲಿ ಕೂತಿದ್ದ ತಹಶೀಲ್ದಾರರು ಗಂಟಲು ಸರಿಮಾಡಿಕೊಂಡರು. ಹೊಸದಾಗಿ ವರ್ಗವಾಗಿ ಬಂದವರು. "ನೋಡಿ, ನಾನು ಕುಮಟೆಯವನು. ಸಮುದ್ರದ ಪಕ್ಕದಲ್ಲೇ ಹುಟ್ಟಿ ಬೆಳೆದವನು," ಎಂದರು.

ದಿಗಂಬರ ಹಿಂದಕ್ಕೆ ಸರಿದು ಫೋಟೋದ ಹಾರವನ್ನು ಬಕೀಟಿನ ಮೇಲೆ ಇನ್ನಷ್ಟು ಎಳೆದ.

"ಗಾಳಿ ಎದುರಿನಿಂದ ಬಂದಾಗ ಏನು ಮಾಡಿದಿರಿ?"

"ಕಣ್ಣ್ ಮುಚ್ಚಿಕೊಂಡೆರಿ."

ತಹಶೀಲ್ದಾರರು ತಲೆದೂಗಿದರು. "ಬರೋಬ್ಬರಿ. ಅನುಭವ ಇದ್ದವರು ಹಾಗೇ ಮಾಡುವುದು," ಎಂದರು. ಜನ ಚಪ್ಪಾಳೆ ಹೊಡೆದರು. "ಆದರೆ ಕಡತಕ್ಕೆ ಒಂದು ಪ್ರಾತ್ಯಕ್ಷಿಕೆ ಬೇಕಾಗುತ್ತದೆ. ನನ್ನ ಕಣ್ಣೆದುರು ನೀರಿನ ಮೇಲೆ ಹಾಯಿ ಹಚ್ಚಿ ತೋರಿಸಿದರೆ ಅಂದೇ ಸಹಿ. ಅಲ್ಲಿಯವರೆಗೆ ನೋಟೀಸು ತಡೆದಿಡುತ್ತೇನೆ."

ನೀರು? ಊರಿನ ತಗ್ಗು ಆಗ ಒಣಗಿತ್ತು. ಮಹಾರುದ್ರಪ್ಪ ಎದ್ದುನಿಂತು ಬಸವಕಲ್ಯಾಣದ ತ್ರಿಪುರಾಂತ ಕೆರೆಯ ಹೆಸರು ಹೇಳಿದರು.

*

ಸುದ್ದಿ ಬಸವಕಲ್ಯಾಣಕ್ಕೆ ಮುಟ್ಟಿದಾಗ ಅಲ್ಲಿಯವರಿಗೆ ಸಿಟ್ಟು ಬಂತು. ಕೆರೆ ತಮ್ಮದು, ಹೆಸರು ಹುಮನಾಬಾದಿನದೆ? ಪ್ರಾತ್ಯಕ್ಷಿಕೆ ಆಗಕೂಡದು, ಪಂದ್ಯವೇ ಆಗಲಿ ಎಂದರು. ತಮ್ಮ ಪರವಾಗಿ ಕೆರೆಯಲ್ಲಿ ಮೀನು ಹಿಡಿಯುವ ಉತ್ತಮ ಮತ್ತು ಅವನ ಹೆಂಡತಿ ಸುಗಂಧಾಳನ್ನು ನಿಲ್ಲಿಸಿದರು. ದೋಣಿ ಯಾರಲ್ಲೂ ಇರಲಿಲ್ಲ. ಆ ಕೆರೆಯಲ್ಲಿ ತೇಲುವ ವಾಹನವೆಂದರೆ ಬೆಲ್ಲ ಕಾಸುವ ಕಡಾಯಿ, ಆರು ಜನ ಕೂರುವಷ್ಟು ಅಗಲದ್ದು. ಗಾಣದ ಹಂಗಾಮು ನಡೆದಿತ್ತು. ಇಬ್ಬರು ರೈತರು ತಮ್ಮ ಕಡಾಯಿಗಳನ್ನು ಒಂದೇ ದಿನದ ಮಟ್ಟಿಗೆ, ಮುಳುಗಿಸಬಾರದೆಂಬ ಕರಾರಿನ ಮೇಲೆ ಕೊಟ್ಟರು.

ಹಿಂದಿನ ದಿನ ಮಧ್ಯಾಹ್ನ ದಿಗಂಬರ ಬೇವಿನ ಮರದ ಕೆಳಗೆ ಹಾಯಿ ಹೊಲಿಯುತ್ತಿದ್ದ. ಕಸ್ತೂರಿಬಾಯಿ ಬಟ್ಟೆಯ ಇನ್ನೊಂದು ತುದಿ ಹಿಡಿದು ಕೂತಿದ್ದಳು.

"ಖರೆ ಹೇಳ್ರಿ. ಅಲ್ಲಿ ನೀವು ಮಾಡಿದ್ದೇನು?"

"ಹೊಲದೆ. ಗಾಳಿಗಿ ಹರದಿತ್ತು, ಒಂದೂವರೆ ತಾಸಿನ್ಯಾಗ ಹೊಲದು ಕೊಟ್ಟೆ. ಗೋವಾ ಮುಟ್ಟೋತನಕ ಬಿಚ್ಚಲಿಲ್ಲ."

"ಮತ್ತ ಅದನ್ನ ಯಾಕ ಹೇಳಲಿಲ್ಲ ಮಂದಿ ಮುಂದ?"

"ಅದನ್ನ ದಿನಾ ಇಲ್ಲೇ ಮಾಡ್ತೀನಲ್ಲ. ಅದಕ್ಕ ಯಾರು ಹಾರ ಹಾಕ್ತಾರ?"

ಕಸ್ತೂರಿಬಾಯಿ ಹೊಲಿಗೆಯನ್ನು ಎಳೆದು ನೋಡಿದಳು. ಬಿಚ್ಚಲಿಲ್ಲ. "ನಾಳಿಗಿ ಬಕೀಟು ಒಯ್ರಿ," ಎಂದಳು.

ಮರುದಿನ ಕೆರೆಯ ದಂಡೆಯಲ್ಲಿ ಎರಡೂ ಊರುಗಳು ಸೇರಿದ್ದವು. ಉತ್ತಮನ ಕಡಾಯಿಯಲ್ಲಿ ಉದ್ದ ಬಿದಿರುಗಳ ಜೋಡಿಯಿತ್ತು, ಅಷ್ಟೇ. ದಿಗಂಬರನ ಕಡಾಯಿಗೆ ಅಡ್ಡಲಾಗಿ ಎತ್ತಿನ ನೊಗ ಕಟ್ಟಿ, ನೊಗಕ್ಕೆ ಗಳ ಕಟ್ಟಿ, ಗಳಕ್ಕೆ ಖಾಕಿ ತಾಡಪತ್ರಿ ಕಟ್ಟಲಾಗಿತ್ತು.

"ಏನ್ ಅಣ್ಣಾ, ಜಾತ್ರೀಗಿ ಡೇರೆ ಹೊಡ್ಯಾಕ ಬಂದಿಯೇನು?" ಎಂದು ಸುಗಂಧಾ ಕೇಳಿದಳು. ಬಸವಕಲ್ಯಾಣ ನಕ್ಕಿತು.

ಈ ನಗುವಿಗೆ ಉತ್ತರ ಕೊಡಲು ಮಹಾರುದ್ರಪ್ಪ ಮೈಕು ಹಿಡಿದರು. "ನಗಬ್ಯಾಡ್ರಿ! ನಮ್ಮ ಕಡಾಯಿದಾಗ ಸಮುದ್ರದ ಊರಿನ ಸಾಹೇಬ್ರು ಸ್ವತಃ ಕೂಡಾಕತ್ತಾರ!"

ಇದನ್ನು ಅವರು ಸಾಹೇಬರಿಗೆ ಮೊದಲು ಹೇಳಿರಲಿಲ್ಲ. ತಹಶೀಲ್ದಾರರ ಮುಖ ಬಾಳೆದಿಂಡಿನ ಬಣ್ಣಕ್ಕೆ ತಿರುಗಿತು. ಆದರೆ ಐದು ಸಾವಿರ ಜನ ಏಕಕಾಲಕ್ಕೆ ಚಪ್ಪಾಳೆ ಹೊಡೆದರೆ ಸರ್ಕಾರಿ ನೌಕರನ ಕಾಲು ತಾನಾಗಿ ನಡೆಯುತ್ತದೆ. ಅವರು ಬೂಟು ಬಿಚ್ಚಿ ಕಡಾಯಿ ಹತ್ತಿದರು.

ಪೊಲೀಸರು ಪಟಾಕಿ ಹಾರಿಸಿದರು. ಉತ್ತಮ ಮತ್ತು ಸುಗಂಧಾ ಬಿದಿರು ಊರಿ ಹನ್ನೆರಡು ನಿಮಿಷದಲ್ಲಿ ಆಚೆ ದಡ ಮುಟ್ಟಿ, ಎಲೆ ಅಡಿಕೆ ಹಾಕಿಕೊಂಡು ಕೂತರು.

ದಿಗಂಬರನ ಹಾಯಿಗೆ ಗಾಳಿ ತುಂಬಿತು. ಹೊಲಿಗೆ ಗಟ್ಟಿಯಾಗಿತ್ತು. ಆದರೆ ಗುಂಡಗಿನ ಕಡಾಯಿಗೆ ಮುಂದು ಯಾವುದು, ಹಿಂದು ಯಾವುದು ಎಂಬ ಅಭಿಪ್ರಾಯ ಇರುವುದಿಲ್ಲ. ಅದು ತಿರುಗತೊಡಗಿತು. ದಂಡೆಯ ಗುಡಿ ಬಂತು, ಹೋಯಿತು. ಜನ ಬಂದರು, ಹೋದರು. ಉತ್ತಮ ಬಂದ, ಹೋದ. ಮತ್ತೆ ಗುಡಿ ಬಂತು. ಹೀಗೆ ತಿರುಗುತ್ತ ತಿರುಗುತ್ತ ಅದು ಕೆರೆಯ ನಟ್ಟನಡುವಿನ ಜೊಂಡಿಗೆ ಹೋಗಿ ಸಿಕ್ಕಿಕೊಂಡಿತು. ಸಿಕ್ಕಿಕೊಂಡ ಮೇಲೂ ಅತ್ತಿಂದಿತ್ತ ಹೊಯ್ದಾಡುತ್ತಿತ್ತು.

"ಆ ಬಕೀಟು ಸ್ವಲ್ಪ ಇತ್ತ ಕೊಡಿ," ಎಂದರು ತಹಶೀಲ್ದಾರರು, ಬಹಳ ಮೆಲ್ಲಗೆ.

ಬಹಳ ಹೊತ್ತಿನ ಮೇಲೆ ಅವರು ತಲೆಯೆತ್ತಿದರು. "ನಾನು ಕುಮಟೆಯವನು ಹೌದು. ಆದರೆ ನಮ್ಮ ಮನೆ ಗುಡ್ಡದ ಮೇಲೆ. ಹೊಳೆ ದಾಟುವ ದೋಣಿಯಲ್ಲೂ ಅಜ್ಜಿಯ ಸೆರಗಿನೊಳಗೆ ತಲೆ ಹುದುಗಿಸಿ ಕೂರುತ್ತಿದ್ದವನು. ಇಲ್ಲಿಗೆ ಬಂದಾಗ ಎಲ್ಲರೂ ಸಮುದ್ರದ ಸಾಹೇಬರು ಅಂದರು. ನಾನು ಬೇಡ ಅನ್ನಲಿಲ್ಲ. ಯಾರಿಗೂ ಹೇಳಬೇಡಿ ಮಾರಾಯರೇ."

"ಸಾಹೇಬ್ರ, ಆ ಫೋಟೋದಾಗಿನ ಕಪ್ ಅದಲ್ರಿ? ಅದು ಇಂಥಾದ್ದೇ ಬಕೀಟ್ರಿ," ಎಂದ ದಿಗಂಬರ. "ನೀವೂ ಯಾರಿಗಿ ಹೇಳಬ್ಯಾಡ್ರಿ."

ತಹಶೀಲ್ದಾರರು ಬಕೀಟನ್ನು ಹೊಸ ಗೌರವದಿಂದ ನೋಡಿ ಮತ್ತೆ ಅದರೊಳಗೆ ಬಗ್ಗಿದರು. ಎರಡು ತಲೆಗಳು ಹತ್ತಿರವಾದದ್ದನ್ನು ದಂಡೆಯಿಂದ ಕಂಡ ಮಹಾರುದ್ರಪ್ಪ ಮೈಕಿನಲ್ಲಿ, "ಗಾಳಿ ಅಭ್ಯಾಸ ಮಾಡಾಕತ್ತಾರ, ಗದ್ದಲ ಮಾಡಬ್ಯಾಡ್ರಿ," ಎಂದರು. ಐದು ಸಾವಿರ ಜನ ಉಸಿರು ಬಿಗಿಹಿಡಿದರು.

"ದಡ ಬಂತೇ?" ತಹಶೀಲ್ದಾರರು ಕಾಲು ಗಂಟೆಗೊಮ್ಮೆ ಕೇಳುತ್ತಿದ್ದರು.

"ಇನ್ನೂ ಇಲ್ರಿ," ಎನ್ನುತ್ತಿದ್ದ ದಿಗಂಬರ, ಅನುಭವಸ್ಥನ ಶಾಂತಿಯಿಂದ.

ಮೂರೂವರೆ ತಾಸಾದ ಮೇಲೆ ಕಡಾಯಿಯ ಯಜಮಾನ ಬೆಲ್ಲ ಕಾಸಬೇಕೆಂದು ಗಲಾಟೆ ಮಾಡಿದ. ಉತ್ತಮ ಬಿದಿರು ಹಿಡಿದು ಹೋಗಿ ಅವರನ್ನು ಜೊಂಡಿನಿಂದ ಬಿಡಿಸಿ, ಎಮ್ಮೆ ಹೊಡೆದುಕೊಂಡು ಬರುವಂತೆ ದಡಕ್ಕೆ ದಬ್ಬಿಕೊಂಡು ಬಂದ.

ಬಸವಕಲ್ಯಾಣದವರು ಹಾರ ಹಿಡಿದು ಉತ್ತಮನ ಕಡೆಗೆ ಓಡಿದರು. "ನಿಲ್ರಿ!" ಎಂದಿತು ಮೈಕು. "ಸೂಟು ಕಳೆಯೋದು ಬಾಕಿ ಅದ."

ಮಹಾರುದ್ರಪ್ಪ ಕಳೆಯತೊಡಗಿದರು. ಹಾಯಿಯ ಭಾರಕ್ಕೆ ಅರ್ಧ ತಾಸು. ನೊಗಕ್ಕೆ ಕಾಲು ತಾಸು. ಪರಊರಿನ ನೀರು, ಅದಕ್ಕೆ ಅರ್ಧ. ಜೊಂಡು ಬಸವಕಲ್ಯಾಣದ್ದು, ಅದರ ತಪ್ಪಿಗೆ ಒಂದು ತಾಸು. ಸರ್ಕಾರವನ್ನು ಹೊತ್ತುಕೊಂಡು ಹೋದದ್ದಕ್ಕೆ ಉಳಿದದ್ದು. ಎಲ್ಲ ಕಳೆದ ಮೇಲೆ ಹುಮನಾಬಾದಿನ ಕಡಾಯಿ ಹತ್ತು ನಿಮಿಷದಲ್ಲಿ ದಡ ಮುಟ್ಟಿತ್ತು. ಎರಡು ನಿಮಿಷದಿಂದ ಗೆದ್ದಿತ್ತು.

ಸುಗಂಧಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಅಲ್ರೀ ಮಾಲಕ್ರ, ಹಿಂಗ ಕಳಕೊಂತ ಹೋದ್ರ ನೀವು ನಿನ್ನೇನೇ ಮುಟ್ಟಿರ್ತಿದ್ರಲ್ಲ, ಇವತ್ತ್ಯಾಕ ಬಂದ್ರಿ?"

ಈ ಪ್ರಶ್ನೆಯನ್ನು ಕಡತದಲ್ಲಿ ದಾಖಲಿಸಲಿಲ್ಲ. ತಹಶೀಲ್ದಾರರು ಒದ್ದೆ ಪ್ಯಾಂಟಿನಲ್ಲೇ, ಯಾರ ಮುಖವನ್ನೂ ನೋಡದೆ, ಮಂಜೂರಿಯ ಕಾಗದಕ್ಕೆ ಸಹಿ ಹಾಕಿದರು. ದಿಗಂಬರ ಉತ್ತಮನ ಹತ್ತಿರ ಹೋಗಿ ಅವನ ಹರಿದ ಬಲೆಯನ್ನು ಹೊಲಿದುಕೊಡುವೆನೆಂದ. "ಮೊದಲ ನಿಮ್ಮ ಮಾಲಕರ ಬಾಯಿ ಹೊಲಿ," ಎಂದಳು ಸುಗಂಧಾ.

*

ನಿವೇಶನ ರಸ್ತೆಯ ಬದಿಯಲ್ಲೇ ಇತ್ತು. ಮಹಾರುದ್ರಪ್ಪ ಸುಳ್ಳು ಹೇಳಿರಲಿಲ್ಲ. ಸಂತೆ ಮೈದಾನದ ಹಿಂದೆ, ರಸ್ತೆ ಹಾಕುವವರು ಮುರುಮು ತೋಡಿಕೊಂಡು ಹೋದ ಜಾಗ. ಮಾರ್ಚಿನಲ್ಲಿ ಅದು ಒಣಗಿ ಚೊಕ್ಕಟವಾಗಿತ್ತು. ದಿಗಂಬರ ಹೊಸ ಗಳ ನೆಟ್ಟ. ಕಸ್ತೂರಿಬಾಯಿ ನೆಲ ಸಾರಿಸಿದಳು. ಬಂದೇನವಾಜ್ ಊದುಬತ್ತಿ ಹಚ್ಚಿದ. ಬೇವಿನ ಮರವನ್ನು ಕಡಿದು ಹೆದ್ದಾರಿಯನ್ನು ಅಗಲ ಮಾಡಿದರು. ಏಪ್ರಿಲ್ ಹೋಯಿತು, ಮೇ ಹೋಯಿತು.

ಜೂನ್ ಎರಡನೆಯ ವಾರ ಮಳೆ ಬಂತು. ಮೊದಲನೆಯ ದಿನ ನೀರು ಪಾದ ಮುಚ್ಚಿತು, ಮೂರನೆಯ ದಿನ ಮೊಳಕಾಲು ಮುಟ್ಟಿತು, ನಾಲ್ಕನೆಯ ದಿನ ಎಮ್ಮೆಗಳು ತಮ್ಮ ಹಳೆಯ ಹಕ್ಕು ಕೇಳಿಕೊಂಡು ಬಂದವು. ದಿಗಂಬರ ಅಡತಿ ಅಂಗಡಿಗೆ ಓಡಿದ.

"ಮಾಲಕ್ರ, ಅಂಗಡಿದಾಗ ನೀರ್ ನಿಂತಾವರಿ. ಬ್ಯಾರೆ ಜಾಗಾ ಕೊಡ್ರಿ."

ಮಹಾರುದ್ರಪ್ಪ ಗಾದಿಯ ಹಿಂದಿನ ಗೋಡೆಗೆ ತೂಗುಹಾಕಿದ್ದ ಸತ್ಕಾರದ ಫೋಟೋ ತೋರಿಸಿದರು. ಹಾರ ಒಣಗಿತ್ತು, ಬಕೀಟು ಹೊಳೆಯುತ್ತಿತ್ತು. "ನಾಲ್ಕ್ ದಿನಾ ಸಮುದ್ರದಾಗ ಇದ್ದಾಂವಗ ಇದೇನು ನೀರೇನೋ ತಮ್ಮಾ? ಬ್ಯಾರೆಯವರಿಗಿ ಈ ಜಾಗಾ ಕೊಟ್ರ ಮುಳುಗಿ ಹೋಗ್ತಾರಂತನ ನಿನಗ ಕೊಡಿಸೀನಿ."

ಇದಕ್ಕೆ ಮೇಲ್ಮನವಿ ಇರಲಿಲ್ಲ. ತಹಶೀಲ್ದಾರರಿಗೆ ವರ್ಗವಾಗಿತ್ತು. ಕೇಳಿ ಪಡೆದದ್ದಂತೆ, ರಾಯಚೂರು ಜಿಲ್ಲೆಯ ಒಣ ತಾಲ್ಲೂಕಿಗೆ.

ದಿಗಂಬರ ಎರಡು ಡಾಂಬರು ಡ್ರಮ್ಮುಗಳ ಮೇಲೆ ಹಲಗೆ ಹಾಕಿ ಅದರ ಮೇಲೆ ಕೂತು ಹೊಲಿಯತೊಡಗಿದ. ಹಲಗೆಯ ಪಕ್ಕದಲ್ಲಿ ಕಸ್ತೂರಿಬಾಯಿ ಬಕೀಟು ತೂಗುಹಾಕಿದಳು. ನೀರು ತೋಡಲು ಎಂದು ಆಕೆ ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಅಗಲವಾದ ಹೆದ್ದಾರಿಯಲ್ಲಿ ಲಾರಿಗಳು ಜೋರಾಗಿ ಹೋಗುತ್ತಿದ್ದವು. ಒಂದೊಂದು ಲಾರಿ ಹೋದಾಗಲೂ ತಗ್ಗಿನ ನೀರು ಎದ್ದು ಬಂದು ಡ್ರಮ್ಮಿಗೆ ಬಡಿಯುತ್ತಿತ್ತು. ಹಲಗೆ ಒಮ್ಮೆ ಅತ್ತ, ಒಮ್ಮೆ ಇತ್ತ ವಾಲುತ್ತಿತ್ತು. ದಬ್ಬಣ ಕೈಯಲ್ಲಿರುವತನಕ ಅವನಿಗೆ ಏನೂ ಆಗುತ್ತಿರಲಿಲ್ಲ. ದಾರ ಮುಗಿದಾಗ ಬಕೀಟಿಗೆ ಕೈ ಹಾಕುತ್ತಿದ್ದ.

ಒಂದು ಮಧ್ಯಾಹ್ನ ಅವನು ಹಾಗೆ ಬಗ್ಗಿರುವಾಗ ತೊಗರಿಬೇಳೆ ಲಾರಿಯೊಂದು ಮೇಲೆ ರಸ್ತೆಯಲ್ಲಿ ನಿಧಾನವಾಯಿತು. ಬಂದೇನವಾಜ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಗಂಟಲು ಬಿಟ್ಟು ಕೂಗಿದ:

"ದಿಗಂಬರ್ ಭಾಯಿ! ಗೋವಾ ಬಂತೇನು?"

ದಿಗಂಬರ ಬಕೀಟಿನಿಂದ ತಲೆಯೆತ್ತಲಿಲ್ಲ. ದಡದಲ್ಲಿ ನಿಂತು ದಾರ ಸುತ್ತುತ್ತಿದ್ದ ಕಸ್ತೂರಿಬಾಯಿಯೇ ಉತ್ತರ ಕೊಟ್ಟಳು:

"ಇನ್ನೂ ಇಲ್ರಿ, ಭಾಯಿ!"